ಪರಿಚಿತರ ಕಿರುಕುಳಕ್ಕೆ ಪ್ರೈವಸಿ ಸೆಟ್ಟಿಂಗ್ ಸಾಲದು

ಏಳನೇ ಕ್ಲಾಸಿನ ಹುಡುಗನೊಬ್ಬನ ಮುಖವನ್ನು ವಾಟ್ಸಾಪ್ ಸ್ಟಿಕರ್ ಮಾಡಲು ಅರ್ಧ ನಿಮಿಷ ಸಾಕು. ಪಿಕ್ನಿಕ್‌ನಲ್ಲಿ ಬಾಯಿತುಂಬ ವಡಾಪಾವ್ ಇಟ್ಟುಕೊಂಡಿದ್ದಾಗ ತೆಗೆದ ಫೋಟೊ ಆರಿಸಿದರೆ ಆಪ್ ಹಿನ್ನೆಲೆಯನ್ನು ತಾನೇ ಕತ್ತರಿಸಿ ಕೊಡುತ್ತದೆ, ಮೇಲೊಂದು ಸಾಲು ಬರೆದರೆ ಮುಗಿಯಿತು. ಆಮೇಲೆ ಕ್ಲಾಸ್ ಗ್ರೂಪಿನಲ್ಲಿ ಯಾರು ಏನು ಎಡವಿದರೂ ಆ ಮುಖ ಬಂದು ಬೀಳುತ್ತದೆ. ಮೊದಲು ಕಳಿಸಿದವನು ಹೆದರಿ ‘ಡಿಲೀಟ್ ಫಾರ್ ಎವ್ರಿಒನ್’ ಒತ್ತಿದರೂ, ಅಷ್ಟರಲ್ಲಿ ಫೇವರಿಟ್ಸ್‌ಗೆ ಸೇರಿಸಿಕೊಂಡವರ ಫೋನಿನಲ್ಲಿ ಸ್ಟಿಕರ್ ಉಳಿದೇ ಇರುತ್ತದೆ. ಕಳಿಸುವವರು, ನಗುವವರು, ಸುಮ್ಮನೆ ನೋಡುವವರು ಎಲ್ಲರೂ ಒಂದೇ ಸ್ಕೂಲ್ ವ್ಯಾನಿನಲ್ಲಿ ಹೋಗುವ ಮಕ್ಕಳು. ಎಲ್ಲರ ನಂಬರೂ ಹುಡುಗನ ಕಾಂಟ್ಯಾಕ್ಟ್ಸ್‌ನಲ್ಲಿ ಇವೆ.

ಈ ಕೊನೆಯ ಮಾತೇ ಮುಖ್ಯ. ಮಕ್ಕಳ ಆನ್‌ಲೈನ್ ಸುರಕ್ಷತೆ ಎಂದು ನಮಗೆ ಹೇಳಿಕೊಟ್ಟಿರುವುದರಲ್ಲಿ ಬಹುಪಾಲು ಅಪರಿಚಿತರನ್ನು ದೂರ ಇಡುವ ಉಪಾಯಗಳು: ಅಕೌಂಟ್ ಪ್ರೈವೇಟ್ ಮಾಡಿ, ಗೊತ್ತಿಲ್ಲದವರ ರಿಕ್ವೆಸ್ಟ್ ಒಪ್ಪಬೇಡಿ, ಗ್ರೂಪಿಗೆ ಸೇರಿಸುವ ಅಧಿಕಾರ ‘ಮೈ ಕಾಂಟ್ಯಾಕ್ಟ್ಸ್’ಗೆ ಮಾತ್ರ ಕೊಡಿ. ಒಳ್ಳೆಯದೇ, ಮಾಡಲೇಬೇಕು. ಆದರೆ ಸಹಪಾಠಿಗಳ ಕಿರುಕುಳ ಆ ಬೇಲಿಯ ಒಳಗೇ ನಡೆಯುತ್ತದೆ. ಹಾಗಾಗಿ ‘ಮೈ ಕಾಂಟ್ಯಾಕ್ಟ್ಸ್’ ಬದಲು ‘ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್’ ಆರಿಸಿ, ಕಾಟ ಕೊಡುವ ನಾಲ್ಕೈದು ಹೆಸರುಗಳನ್ನು ಅಲ್ಲಿ ಗುರುತಿಸುವುದು ಸರಿಯಾದ ಕ್ರಮ. ಗ್ರೂಪ್, ಪ್ರೊಫೈಲ್ ಫೋಟೊ, ಲಾಸ್ಟ್ ಸೀನ್, ಸ್ಟೇಟಸ್ ನಾಲ್ಕಕ್ಕೂ ಬೇರೆಬೇರೆಯಾಗಿ ಇದನ್ನು ಮಾಡಬೇಕು. ಒಂದಕ್ಕೆ ಮಾಡಿದರೆ ಉಳಿದವಕ್ಕೆ ತಾನಾಗಿ ಅನ್ವಯಿಸುವುದಿಲ್ಲ.

ಕೀಟಲೆಗೂ ಕಿರುಕುಳಕ್ಕೂ ಗೆರೆ ಎಲ್ಲಿ? ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೆಯಸ್ 1970ರ ದಶಕದಿಂದ ಶಾಲೆಗಳನ್ನು ಅಧ್ಯಯನ ಮಾಡಿ ಕೊಟ್ಟ ಮೂರು ಗುರುತುಗಳನ್ನೇ ಇವತ್ತಿಗೂ ಹೆಚ್ಚಿನವರು ಬಳಸುತ್ತಾರೆ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಇಬ್ಬರ ಬಲದಲ್ಲಿ ಅಸಮತೋಲ. ಇಬ್ಬರು ಗೆಳೆಯರು ಬಿಜಿಎಂಐ ಎಂಬ ಮೊಬೈಲ್ ಗೇಮ್ ಆಡುತ್ತ ಒಬ್ಬರನ್ನೊಬ್ಬರು ಬೈದುಕೊಂಡರೆ ಅದು ಜಗಳ. ಒಬ್ಬನನ್ನು ಹತ್ತು ಜನ ಸೇರಿ ಬೈದರೆ, ಅವನು ತಿರುಗಿ ಬೈದರೂ ಅದು ಜಗಳವಲ್ಲ. ಆನ್‌ಲೈನ್‌ನಲ್ಲಿ ಈ ಗುರುತುಗಳ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಒಮ್ಮೆ ಹಾಕಿದ ಫೋಟೊವನ್ನು ಐವತ್ತು ಮಂದಿ ಫಾರ್ವರ್ಡ್ ಮಾಡಿದರೆ, ಹಾಕಿದವನ ಮಟ್ಟಿಗೆ ಅದು ಒಂದೇ ಸಲ, ಅನುಭವಿಸುವ ಮಗುವಿಗೆ ಐವತ್ತು ಸಲ. ಬಲ ಎಂದರೆ ಮೈಕಟ್ಟು ಎಂದು ಕೂಡ ಇಲ್ಲಿ ಅಳೆಯಲಾಗದು. ಗ್ರೂಪಿನ ಅಡ್ಮಿನ್ ಯಾರು, ಹೆಸರಿಲ್ಲದೆ ಗುಟ್ಟು, ಗಾಳಿಮಾತು ಹಾಕುವ ಶಾಲೆಯ ‘ಕನ್ಫೆಷನ್ ಪೇಜ್’ ನಡೆಸುವ ಅನಾಮಿಕ ಯಾರು, ಹಳೆಯ ಸ್ಕ್ರೀನ್‌ಶಾಟ್ ಯಾರ ಬಳಿ ಇದೆ ಎಂಬುದೇ ಬಲ. ಕಣ್ಣಿಗೆ ಕಾಣದ ಇನ್ನೊಂದು ಬಗೆಯಿದೆ: ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಸೇರಿ ಹೊಸ ಗ್ರೂಪ್ ಮಾಡುವುದು. ಅದಕ್ಕೆ ಸ್ಕ್ರೀನ್‌ಶಾಟ್ ಇಲ್ಲ, ಬೈಗುಳವಿಲ್ಲ, ದೂರು ಬರೆಯಲು ಒಂದು ಸಾಲೂ ಸಿಗುವುದಿಲ್ಲ. ನೋವಂತೂ ಕಡಿಮೆಯಲ್ಲ.

ಭಾಷೆಯ ಹೆಸರಲ್ಲಿ

ಮುಂಬೈ, ಪುಣೆ, ಗೋವಾದ ಕನ್ನಡ ಮನೆಗಳಿಗೆ ಇದರಲ್ಲಿ ಒಂದು ಹೆಚ್ಚುವರಿ ತೊಡಕಿದೆ. ಡೊಂಬಿವಲಿಯಲ್ಲೋ ಪಿಂಪ್ರಿಯಲ್ಲೋ ಓದುವ ಮಗುವನ್ನು ‘ಯಂಡುಗುಂಡು’ ಎಂದು, ವಾಸ್ಕೊ ಬೈನಾದಲ್ಲಿ ಬೆಳೆದ ಬಾಗಲಕೋಟೆ, ವಿಜಯಪುರ ಕಡೆಯ ಮಗುವನ್ನು ‘ಘಾಟಿ’ (ಘಟ್ಟದಾಚೆಯವರು) ಎಂದು ಹೀಯಾಳಿಸಿ ಕರೆಯುವುದು ಹೊಸದೇನಲ್ಲ. ಅಪ್ಪ ಅಮ್ಮನೂ ಈ ಮಾತು ಕೇಳಿಯೇ ಇಲ್ಲಿ ನೆಲೆಯೂರಿದವರು. ಆದ್ದರಿಂದಲೇ “ನಾವೂ ಕೇಳ್ಕೊಂಡೇ ಬಂದಿದ್ದೀವಿ, ತಲೆಗೆ ಹಾಕ್ಕೋಬೇಡ” ಎಂಬ ಉತ್ತರ ಬಾಯಿಗೆ ಬೇಗ ಬರುತ್ತದೆ. ಅಪ್ಪ ಕೇಳಿದ್ದು ಲೋಕಲ್ ಟ್ರೈನಿನಲ್ಲಿ, ಇಳಿದ ಮೇಲೆ ಮುಗಿಯಿತು. ಮಗಳು ಕೇಳುವುದು ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ, ಇಡೀ ಕ್ಲಾಸು ನೋಡುತ್ತಿರುವಾಗ.

ಎರಡನೆಯ ತೊಡಕು ಓದುವುದರದ್ದು. ಮಕ್ಕಳ ಚಾಟು ಹಿಂದಿ, ಮರಾಠಿ, ಕೊಂಕಣಿ ಬೆರೆತ ಭಾಷೆ, ಇಂಗ್ಲಿಷ್ ಅಕ್ಷರದಲ್ಲಿ, ಸ್ವರಗಳನ್ನೆಲ್ಲ ನುಂಗಿ ಬರೆದದ್ದು. ಕನ್ನಡ ಪತ್ರಿಕೆಯನ್ನೂ ಮರಾಠಿ ಬೋರ್ಡನ್ನೂ ಸಲೀಸಾಗಿ ಓದುವ ತಾಯಿಗೆ ಅದರಲ್ಲಿ ಯಾವುದು ಪ್ರೀತಿಯ ಬೈಗುಳ, ಯಾವುದು ಹೊಲಸು ಎಂದು ಗೊತ್ತಾಗುವುದಿಲ್ಲ. ಕಂಪನಿಗಳ ಸ್ವಯಂಚಾಲಿತ ಫಿಲ್ಟರ್‌ಗಳಿಗೂ ಇಂಥ ಮಿಶ್ರಭಾಷೆಯ ಬೈಗುಳ ಸುಲಭಕ್ಕೆ ಸಿಗುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಇದಕ್ಕೊಂದು ಉಪಾಯವಿದೆ, ಬಳಸುವವರು ಕಡಿಮೆ. ಸೆಟ್ಟಿಂಗ್ಸ್‌ನ ‘ಹಿಡನ್ ವರ್ಡ್ಸ್’ನಲ್ಲಿ ನಮ್ಮದೇ ಪದಗಳ ಪಟ್ಟಿ ಸೇರಿಸಬಹುದು. ಮಗುವನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಚುಚ್ಚುವ ಪದಗಳನ್ನು ಅವರು ಬರೆಯುವ ಎಲ್ಲ ಕಾಗುಣಿತದಲ್ಲೂ ಹಾಕಬೇಕು: ಘಾಟಿ ಎಂಬುದನ್ನು ಒಂದು ‘ಎ’ ಇಟ್ಟು, ಎರಡು ‘ಎ’ ಇಟ್ಟು, ಮಧ್ಯೆ ‘ಎನ್’ ಸೇರಿಸಿ, ಕನ್ನಡ ಮತ್ತು ದೇವನಾಗರಿ ಲಿಪಿಯಲ್ಲಿ, ಜೊತೆಗೆ ಆ ಗುಂಪು ಬಳಸುವ ಎಮೋಜಿ. ಆ ಪದವಿರುವ ಕಾಮೆಂಟೂ ಮೆಸೇಜ್ ರಿಕ್ವೆಸ್ಟೂ ಬೇರೆ ಕಡೆ ಸರಿದುಹೋಗುತ್ತವೆ. ಪಟ್ಟಿ ಮಾಡಲು ಕೂತಾಗ ಮಗು ತಾನಾಗಿ ಹೇಳುವ ಸಂಗತಿಗಳು ಆ ಪಟ್ಟಿಗಿಂತ ಉಪಯುಕ್ತ.

ಸುಳ್ಳು ಹುಟ್ಟಿದ ವರ್ಷ

ಇನ್‌ಸ್ಟಾಗ್ರಾಂ, ವಾಟ್ಸಾಪ್ ಎರಡಕ್ಕೂ ಕನಿಷ್ಠ ವಯಸ್ಸು 13. ಹನ್ನೊಂದರ ಮಗು ಅಕೌಂಟ್ ತೆರೆಯುವಾಗ ಹುಟ್ಟಿದ ವರ್ಷವನ್ನು ಹಿಂದಕ್ಕೆ ತಳ್ಳುತ್ತದೆ, ಸಾಮಾನ್ಯವಾಗಿ ತೀರ ಹಿಂದಕ್ಕೆ. ಇದರ ಬೆಲೆ ಎರಡು ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ. ಭಾರತದಲ್ಲಿ 2025ರ ಫೆಬ್ರವರಿಯಿಂದ ಬಂದಿರುವ ಇನ್‌ಸ್ಟಾಗ್ರಾಂನ ‘ಟೀನ್ ಅಕೌಂಟ್’ ವ್ಯವಸ್ಥೆ 18ರೊಳಗಿನವರ ಅಕೌಂಟನ್ನು ತಾನಾಗಿ ಪ್ರೈವೇಟ್ ಮಾಡುತ್ತದೆ, ಮಗು ಫಾಲೋ ಮಾಡದವರ ಮೆಸೇಜ್ ತಡೆಯುತ್ತದೆ, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನೋಟಿಫಿಕೇಶನ್ ನಿಲ್ಲಿಸುತ್ತದೆ. 16 ತುಂಬದವರು ಇದನ್ನು ಸಡಿಲಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಆಪ್ ಪ್ರಕಾರ 24 ವರ್ಷವಾಗಿರುವ ಒಂಬತ್ತನೇ ಕ್ಲಾಸಿನ ಹುಡುಗಿಗೆ ಇದರಲ್ಲಿ ಒಂದೂ ಸಿಗುವುದಿಲ್ಲ. ಆದ್ದರಿಂದ ಪ್ರೊಫೈಲ್‌ನಲ್ಲಿ ಜನ್ಮದಿನ ಏನಿದೆ ಎಂದು ಇವತ್ತೇ ನೋಡಿ, 13 ದಾಟಿದ್ದರೆ ಸರಿಪಡಿಸಿ. ದಾಟಿಲ್ಲದಿದ್ದರೆ ನಿಜವಾದ ವರ್ಷ ಹಾಕಿದೊಡನೆ ಅಕೌಂಟ್ ಮುಚ್ಚಿಹೋಗುತ್ತದೆ. ಅದು ಮೊದಲೇ ಗೊತ್ತಿರಲಿ, ಮಗುವಿಗೂ ಹೇಳಿರಿ.

ಪೋಷಕರ ನಿಗಾ ಆಪ್‌ಗಳ ಬಗ್ಗೆ ಅತಿಯಾದ ನಂಬಿಕೆ ಬೇಡ. ಗೂಗಲ್ ಫ್ಯಾಮಿಲಿ ಲಿಂಕ್ ಯಾವ ಆಪ್ ಎಷ್ಟು ಹೊತ್ತು ಎಂದು ತೋರಿಸುತ್ತದೆ, ಹೊಸ ಆಪ್‌ಗೆ ನಿಮ್ಮ ಅನುಮತಿ ಕೇಳುತ್ತದೆ. ಚಾಟಿನೊಳಗೆ ಏನಿದೆ ಎಂದು ಹೇಳುವುದಿಲ್ಲ. ಇನ್‌ಸ್ಟಾಗ್ರಾಂನ ಸೂಪರ್‌ವಿಷನ್ ಕೂಡ ಕಳೆದ ಏಳು ದಿನದಲ್ಲಿ ಮಗು ಯಾರ ಜೊತೆ ಮಾತಾಡಿದೆ ಎಂದು ತೋರಿಸೀತು, ಏನು ಮಾತಾಡಿತೆಂದಲ್ಲ. ಒಳಗಿನ ಸುದ್ದಿ ಮಗುವಿನ ಬಾಯಿಂದಲೇ ಬರಬೇಕು.

ಆ ಬಾಯಿ ಮುಚ್ಚಿಸುವ ಕೆಲಸವನ್ನು ನಾವೇ ಮಾಡುತ್ತೇವೆ. ವಿಷಯ ತಿಳಿದ ಕೂಡಲೇ ಫೋನ್ ಕಿತ್ತು ಕಪಾಟಿನಲ್ಲಿಡುವುದು ಸಿಟ್ಟಿಗೂ ಸುಲಭ, ಕಾಳಜಿಗೂ ಸುಲಭ. ಮಗುವಿನ ಲೆಕ್ಕದಲ್ಲಿ ತಪ್ಪು ಮಾಡಿದವರು ಅವರು, ಶಿಕ್ಷೆ ತನಗೆ. ಮುಂದಿನ ಸಲ ಅದು ಹೇಳುವುದಿಲ್ಲ. ‘ನೀನು ಏನೇ ಹೇಳಿದರೂ ಫೋನ್ ಕಿತ್ತುಕೊಳ್ಳುವುದಿಲ್ಲ’ ಎಂಬ ಮಾತನ್ನು ಏನೂ ನಡೆಯದ ದಿನಗಳಲ್ಲೇ ಕೊಟ್ಟು, ನಡೆದ ದಿನ ಉಳಿಸಿಕೊಳ್ಳಬೇಕು. ಹೋಟೆಲಿನ ಎರಡನೇ ಪಾಳಿ ಮುಗಿಸಿ ಹನ್ನೆರಡಕ್ಕೆ ಮನೆ ಸೇರುವ ಅಪ್ಪನಿಗೆ ಮಗನ ಮುಖ ನೋಡಲು ಸಿಗುವುದೇ ಭಾನುವಾರ. ಅಂಥ ಮನೆಗಳಲ್ಲಿ ಮಗು ಹೇಳಿಕೊಳ್ಳಬಹುದಾದ ಇನ್ನೊಬ್ಬ ದೊಡ್ಡವರನ್ನು, ಚಿಕ್ಕಮ್ಮನೋ ಮಾಮನೋ ಟ್ಯೂಷನ್ ಟೀಚರೋ, ಹೆಸರಿಟ್ಟು ಗೊತ್ತುಮಾಡಿರುವುದು ವಾಸಿ.

ಮೊದಲ ಒಂದು ಗಂಟೆ

ಬ್ಲಾಕ್ ಮಾಡುವ ಮುನ್ನ ದಾಖಲೆ. ಈ ಕ್ರಮ ತಪ್ಪಿದರೆ ಮುಂದಿನದೆಲ್ಲ ಕಷ್ಟ. ವಾಟ್ಸಾಪ್‌ನಲ್ಲಿ ರಿಪೋರ್ಟ್ ಒತ್ತಿದಾಗ ಬ್ಲಾಕ್ ಮಾಡಿ ಚಾಟ್ ಅಳಿಸುವ ಆಯ್ಕೆಯೂ ಅದೇ ಪೆಟ್ಟಿಗೆಯಲ್ಲಿ ಬರುತ್ತದೆ. ಗಡಿಬಿಡಿಯಲ್ಲಿ ಒಪ್ಪಿಬಿಟ್ಟರೆ ಪುರಾವೆ ಹೋಯಿತು. ಮೊದಲು ಚಾಟ್ ತೆರೆದು, ಮೂರು ಚುಕ್ಕಿ, ಮೋರ್, ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಆಮೇಲೆ ಸ್ಕ್ರೀನ್‌ಶಾಟ್, ಬರೀ ಬೈಗುಳದ ಸಾಲು ಸಾಲದು, ಕಳಿಸಿದವರ ನಂಬರು, ತಾರೀಖು, ಸಮಯ ಕಾಣಬೇಕು. ಗ್ರೂಪಿನದ್ದಾದರೆ ಸದಸ್ಯರ ಪಟ್ಟಿ ಮತ್ತು ಅಡ್ಮಿನ್ ಹೆಸರಿನದ್ದೂ ಒಂದು. ಡಿಸಪಿಯರಿಂಗ್ ಮೆಸೇಜ್ ಚಾಲೂ ಇದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಎಲ್ಲ ಅಳಿಸಿಹೋಗುತ್ತದೆ, ‘ನಾಳೆ ನೋಡೋಣ’ ಎನ್ನುವಂತಿಲ್ಲ.

ಸ್ನ್ಯಾಪ್‌ಚಾಟ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಎದುರಿನವರಿಗೆ ಸೂಚನೆ ಹೋಗುತ್ತದೆ. ವಾಟ್ಸಾಪ್‌ನ ‘ವ್ಯೂ ಒನ್ಸ್’ ಫೋಟೊಗೆ ಸ್ಕ್ರೀನ್‌ಶಾಟೇ ಬರುವುದಿಲ್ಲ. ಎರಡಕ್ಕೂ ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆಯುವುದೇ ದಾರಿ. ಇನ್‌ಸ್ಟಾಗ್ರಾಂನ ಫೇಕ್ ಅಕೌಂಟ್‌ಗಳು ಆಗಾಗ ಹೆಸರು ಬದಲಿಸಿಕೊಳ್ಳುತ್ತವೆ, ಆದ್ದರಿಂದ ಕಾಣುವ ಹೆಸರಿನ ಜೊತೆ ಪ್ರೊಫೈಲ್ ಲಿಂಕ್, ಪ್ರತಿ ಪೋಸ್ಟಿನ ಲಿಂಕ್ ಕಾಪಿ ಮಾಡಿ ನೋಟ್ಸ್‌ನಲ್ಲಿ ಸಮಯದ ಸಮೇತ ಇಡಬೇಕು. ಗೇಮ್‌ಗಳ ವಾಯ್ಸ್ ಚಾಟ್‌ನಲ್ಲಿ ನಡೆದದ್ದಕ್ಕೆ ಕುರುಹು ಉಳಿಯುವುದಿಲ್ಲ. ಆಟಗಾರನ ಐಡಿ ಸಂಖ್ಯೆ, ಪಂದ್ಯದ ವೇಳೆ ಬರೆದಿಟ್ಟು ಅಲ್ಲೇ ರಿಪೋರ್ಟ್ ಮಾಡಬೇಕು.

ಇಷ್ಟಾದ ಮೇಲೂ ಸಹಪಾಠಿಯ ವಿಷಯದಲ್ಲಿ ಬ್ಲಾಕ್‌ಗಿಂತ ಇನ್‌ಸ್ಟಾಗ್ರಾಂನ ‘ರಿಸ್ಟ್ರಿಕ್ಟ್’ ಹೆಚ್ಚಾಗಿ ಉತ್ತಮ ಎಂಬುದು ನಮ್ಮ ಅಭಿಪ್ರಾಯ. ಬ್ಲಾಕ್ ಮಾಡಿದರೆ ಅವನಿಗೆ ಗೊತ್ತಾಗುತ್ತದೆ, ಮರುದಿನ ಕ್ಲಾಸಿನಲ್ಲಿ “ಹೆದರಿ ಬ್ಲಾಕ್ ಮಾಡಿದ” ಎಂಬ ಹೊಸ ಗೇಲಿ ಶುರುವಾಗುತ್ತದೆ. ರಿಸ್ಟ್ರಿಕ್ಟ್ ಮಾಡಿದರೆ ಅವನ ಕಾಮೆಂಟ್ ಅವನಿಗಷ್ಟೇ ಕಾಣುತ್ತದೆ, ಮೆಸೇಜು ರಿಕ್ವೆಸ್ಟ್ ಪೆಟ್ಟಿಗೆಗೆ ಹೋಗುತ್ತದೆ, ಮಗು ಓದಿತೋ ಇಲ್ಲವೋ ತಿಳಿಯುವುದಿಲ್ಲ. ಮೆಸೇಜುಗಳು ಅಲ್ಲೇ ಉಳಿಯುವುದರಿಂದ ಪುರಾವೆಯೂ ಸಿಗುತ್ತದೆ. ಅಪರಿಚಿತ, ಬ್ಲ್ಯಾಕ್‌ಮೇಲ್ ಮಾಡುವವನು ಎಂದಾದರೆ ಬ್ಲಾಕೇ ಸರಿ.

ಬೆತ್ತಲೆ ಚಿತ್ರ, ನಿಜದ್ದಾಗಲಿ ಎಐ ಆಪ್‌ನಲ್ಲಿ ಮಾಡಿದ್ದಾಗಲಿ, ಬಂದಾಗ ಮೇಲಿನ ನಿಯಮ ಬದಲಾಗುತ್ತದೆ. ಆ ಚಿತ್ರದ ಸ್ಕ್ರೀನ್‌ಶಾಟ್ ತೆಗೆಯಬಾರದು, ಟೀಚರ್‌ಗೆ, ಅಣ್ಣನಿಗೆ, ವಕೀಲರಿಗೆ ಎಂದು ಕಳಿಸಬಾರದು. ಮಕ್ಕಳ ಲೈಂಗಿಕ ಚಿತ್ರವನ್ನು ಹಂಚುವುದು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 67ಬಿ ಪ್ರಕಾರ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡದ ಅಪರಾಧ. ವರದಿ ಮಾಡದೆ ಇಟ್ಟುಕೊಂಡರೂ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 15ನೇ ಕಲಂ ಎದುರಾಗಬಹುದು ಎಂಬುದನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ ತೀರ್ಪಿನಲ್ಲಿ ವಿವರಿಸಿದೆ. ಬೆದರಿಕೆಯ ಬರಹ, ಪ್ರೊಫೈಲ್, ನಂಬರು ಇಷ್ಟನ್ನು ದಾಖಲಿಸಿ, ಚಿತ್ರ ಬಂದ ಫೋನ್‌ನಲ್ಲೇ ಇದ್ದಂತೆ ಇರಲಿ, ತಡಮಾಡದೆ ಪೊಲೀಸರಿಗೆ ತೋರಿಸಿ. ಹರಡುವುದನ್ನು ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ: ಚಿತ್ರ ನಿಮ್ಮ ಫೋನ್ ಬಿಟ್ಟು ಎಲ್ಲಿಗೂ ಹೋಗದು, ಅದರ ಅಂಕಿಗುರುತು ಮಾತ್ರ ಹೋಗುತ್ತದೆ, ಸೇವೆಗೆ ಸೇರಿದ ಕಂಪನಿಗಳು ತಮ್ಮಲ್ಲಿ ಅದೇ ಗುರುತಿನ ಚಿತ್ರ ಕಂಡರೆ ತೆಗೆಯುತ್ತವೆ. ವಾಟ್ಸಾಪ್‌ನ ಖಾಸಗಿ ಚಾಟಿನೊಳಗೆ ಇದು ಕೆಲಸ ಮಾಡದು. ನಗ್ನತೆ, ವೇಷಧಾರಿ ಅಕೌಂಟ್, ತಿರುಚಿದ ಚಿತ್ರಗಳ ದೂರನ್ನು 24 ಗಂಟೆಯೊಳಗೆ ನಿಭಾಯಿಸಬೇಕೆಂದು 2021ರ ಐಟಿ ನಿಯಮಗಳೇ ಕಂಪನಿಗಳಿಗೆ ಹೇಳಿದ್ದವು, ಹಾಗಾಗಿ ರಿಪೋರ್ಟ್ ಬಟನ್ ಜೊತೆಗೆ ದೂರು ಕೇಳುವ ಕಂಪನಿಯ ಗ್ರಿವೆನ್ಸ್ ಆಫೀಸರ್‌ಗೂ ಬರೆಯಿರಿ. ಹಣ ಕೇಳುತ್ತಿದ್ದರೆ ಒಂದು ರೂಪಾಯಿಯೂ ಕೊಡಬೇಡಿ, ಕೊಟ್ಟವರನ್ನೇ ಅವರು ಮತ್ತೆ ಕೇಳುವುದು. ಈಗಾಗಲೇ ಕೊಟ್ಟಾಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ.

ಶಾಲೆ, ಠಾಣೆ

ಎದುರು ಮಗುವಿನ ಮನೆಗೆ ನೇರ ಹೋಗುವುದು ಸಾಮಾನ್ಯವಾಗಿ ಕೆಡುತ್ತದೆ. ಒಂದೇ ಸೊಸೈಟಿ, ಒಂದೇ ಲಿಫ್ಟು. ಅರ್ಧ ಗಂಟೆಯಲ್ಲಿ ಅದು ಎರಡು ಮನೆಗಳ ಜಗಳವಾಗಿ, ಮರಾಠಿ-ಕನ್ನಡದ ಜಗಳವಾಗಿ, ಸೊಸೈಟಿ ಗ್ರೂಪಿಗೆ ಬರುತ್ತದೆ. ಶಾಲೆಗೆ ಬರೆದುಕೊಡಿ, ಒಂದೇ ಪುಟ: ಯಾವ ತಾರೀಖು, ಯಾವ ಗ್ರೂಪ್, ಏನು ನಡೆಯಿತು, ಜೊತೆಗೆ ಮುದ್ರಿಸಿದ ಸ್ಕ್ರೀನ್‌ಶಾಟ್, ಕೊನೆಗೆ ನಿಮಗೆ ಬೇಕಾದ್ದು ಏನು. ಬೇರೆ ಬೆಂಚು ಬೇಕೋ, ವ್ಯಾನಿನಲ್ಲಿ ದೊಡ್ಡವರೊಬ್ಬರು ಬೇಕೋ, ಗ್ರೂಪ್ ಮುಚ್ಚಿಸಬೇಕೋ ಎಂದು ಸ್ಪಷ್ಟವಾಗಿ ಬರೆಯದಿದ್ದರೆ “ನೋಡ್ತೀವಿ” ಎಂಬಲ್ಲಿಗೆ ಮುಗಿಯುತ್ತದೆ. ಸಿಬಿಎಸ್ಇ 2015ರಲ್ಲೇ ಶಾಲೆಗಳಿಗೆ ಕಿರುಕುಳ ತಡೆಯುವ ಸಮಿತಿ ಇರಬೇಕೆಂದು ಹೇಳಿದೆ. ಮಹಾರಾಷ್ಟ್ರದ ಶಾಲೆಗಳಲ್ಲಿ 2022ರ ಸರ್ಕಾರಿ ಆದೇಶದಂತೆ ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ‘ಸಖಿ ಸಾವಿತ್ರಿ’ ಸಮಿತಿ ಇರಬೇಕು. ಅದರ ಸದಸ್ಯರು ಯಾರು ಎಂದು ಕೇಳುವುದು ನಿಮ್ಮ ಹಕ್ಕು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈ ಕುಲುಕಿಸುವ ರಾಜಿಗೆ ಮಾತ್ರ ಒಪ್ಪಬೇಡಿ. ಸಮಾನರ ಜಗಳಕ್ಕೆ ಅದು ಸರಿ, ಅಸಮಾನರಲ್ಲಿ ದುರ್ಬಲ ಮಗುವನ್ನು ಅದು ಇನ್ನೊಮ್ಮೆ ಮಣಿಸುತ್ತದೆ.

ನಮ್ಮ ಕಾನೂನಿನಲ್ಲಿ ಸೈಬರ್ ಬುಲ್ಲಿಯಿಂಗ್ ಎಂಬ ಹೆಸರಿನ ಅಪರಾಧವಿಲ್ಲ. (ಐಟಿ ಕಾಯ್ದೆಯ 66ಎ ಹಾಕಿಸಿ ಎಂದು ಸಲಹೆ ಕೊಡುವವರು ಈಗಲೂ ಸಿಗುತ್ತಾರೆ, 2012ರಲ್ಲಿ ಮುಂಬೈ ಪಕ್ಕದ ಪಾಲ್ಘರ್‌ನಲ್ಲಿ ನಡೆದ ಇಬ್ಬರು ಯುವತಿಯರ ಬಂಧನದಿಂದ ಸುದ್ದಿಯಾದ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ.) ಬೆದರಿಕೆ, ಮಾನನಷ್ಟ ಎಂದಷ್ಟೇ ಬರೆದುಕೊಟ್ಟರೆ ಠಾಣೆಯಲ್ಲಿ ‘ಎನ್‌ಸಿ’ (ನಾನ್ ಕಾಗ್ನಿಜಬಲ್, ಎಫ್‌ಐಆರ್ ಅಲ್ಲದ ನಮೂದು) ಬರೆದು ಕಳಿಸುವ ಸಂಭವ ಹೆಚ್ಚು, ಏಕೆಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಅದರ ತನಿಖೆ ಆಗುವುದಿಲ್ಲ. ಫೇಕ್ ಅಕೌಂಟ್ ಇದ್ದರೆ ಐಟಿ ಕಾಯ್ದೆಯ 66ಸಿ ಮತ್ತು 66ಡಿ, ಖಾಸಗಿ ಅಂಗದ ಚಿತ್ರ ತೆಗೆದಿದ್ದರೆ ಅಥವಾ ಹರಡಿದ್ದರೆ 66ಇ, ಹುಡುಗಿಯನ್ನು ಬೆನ್ನುಹತ್ತಿ ಮೆಸೇಜ್ ಮಾಡುತ್ತಿದ್ದರೆ ಭಾರತೀಯ ನ್ಯಾಯ ಸಂಹಿತೆಯ 78, ಲೈಂಗಿಕವಾದದ್ದೇನಿದ್ದರೂ ಪೋಕ್ಸೊ. ಇಂಥ ಅಂಶಗಳಿದ್ದರೆ ಅರ್ಜಿಯ ಮೊದಲ ಪ್ಯಾರಾದಲ್ಲೇ ಬರಲಿ, ಮನಸ್ಸಿನ ನೋವು ಆಮೇಲೆ. ಪ್ರತಿಯ ಮೇಲೆ ಪೋಚ್ (ಸ್ವೀಕೃತಿಯ ಸಹಿ, ಮೊಹರು) ಪಡೆಯದೆ ಎದ್ದು ಬರಬೇಡಿ. ಮಕ್ಕಳ ಲೈಂಗಿಕ ಚಿತ್ರದ ಪ್ರಕರಣಗಳನ್ನು ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದಾಖಲಿಸಬಹುದು. ಸ್ಕ್ರೀನ್‌ಶಾಟಿನ ಮುದ್ರಿತ ಪ್ರತಿ ಕೋರ್ಟಿನಲ್ಲಿ ನಿಲ್ಲಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಹಾಗಾಗಿ ಮೂಲ ಫೋನನ್ನು ರೀಸೆಟ್ ಮಾಡುವುದಾಗಲಿ ಎಕ್ಸ್‌ಚೇಂಜ್‌ಗೆ ಕೊಡುವುದಾಗಲಿ ಬೇಡ.

ಮೇ ರಜೆಯಲ್ಲಿ ಉಡುಪಿಯಲ್ಲೋ ಗದಗಿನಲ್ಲೋ ಇದ್ದಾಗ ವಿಷಯ ಗೊತ್ತಾದರೆ ಮುಂಬೈಗೆ ಮರಳುವವರೆಗೆ ಕಾಯಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ತನಿಖೆಯಾಗುವ ಅಪರಾಧವಾದರೆ ಯಾವ ಠಾಣೆಯೂ ಝೀರೊ ಎಫ್‌ಐಆರ್ (ಘಟನೆ ತನ್ನ ವ್ಯಾಪ್ತಿಯದ್ದಲ್ಲದಿದ್ದರೂ ದಾಖಲಿಸುವ ಎಫ್‌ಐಆರ್) ಬರೆದುಕೊಳ್ಳಬೇಕು. ಪೋಕ್ಸೊ ಪ್ರಕರಣದಲ್ಲಿ ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದಕ್ಕೆ ಬೇಕಾದ ಕಡೆ, ಸಮವಸ್ತ್ರವಿಲ್ಲದ ಅಧಿಕಾರಿ, ಸಾಧ್ಯವಾದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರ್, ಬರೆದುಕೊಳ್ಳಬೇಕು. ಮಗುವಿಗೆ ಮರಾಠಿಯಲ್ಲಿ ಹೇಳಲು ಆಗದಿದ್ದರೆ ಭಾಷಾಂತರಕಾರರನ್ನು ಕೇಳಬಹುದು, ಪೋಕ್ಸೊ ಕಾಯ್ದೆಯ 26ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಬಿಎಂಸಿಯ (ಮುಂಬೈ ಮಹಾನಗರ ಪಾಲಿಕೆಯ) ಕನ್ನಡ ಶಾಲೆಯಲ್ಲಿ ಓದುವ ಮಕ್ಕಳ ಪೋಷಕರು ಇದನ್ನು ವಿಶೇಷವಾಗಿ ನೆನಪಿಡಬೇಕು. ಗೋವಾದಲ್ಲಿ ಇನ್ನೊಂದು ಆಸರೆಯುಂಟು: 2003ರ ಗೋವಾ ಮಕ್ಕಳ ಕಾಯ್ದೆ ಮಗುವಿನ ಘನತೆಯನ್ನು ಮಾತಿನಿಂದ ಕುಗ್ಗಿಸುವುದನ್ನೂ ದೌರ್ಜನ್ಯದ ವ್ಯಾಖ್ಯೆಯೊಳಗೆ ತಂದಿದೆ, ಅದಕ್ಕೆ ಪಣಜಿಯಲ್ಲಿ ಪ್ರತ್ಯೇಕ ಮಕ್ಕಳ ನ್ಯಾಯಾಲಯವೂ ಇದೆ.

ಮಗು ಊಟ ಬಿಟ್ಟಿದ್ದರೆ, ಸೋಮವಾರ ಬಂತೆಂದರೆ ಹೊಟ್ಟೆನೋವು ಎನ್ನುತ್ತಿದ್ದರೆ, ನೋಟಿಫಿಕೇಶನ್ ಸದ್ದಿಗೆ ಬೆಚ್ಚುತ್ತಿದ್ದರೆ, ಕಾನೂನಿಗಿಂತ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416. ಉಚಿತ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ. ಮಕ್ಕಳೇ ನೇರ ಮಾತಾಡಲು ಮಕ್ಕಳ ಸಹಾಯವಾಣಿ 1098. ಬದುಕು ಬೇಡ ಎಂಬರ್ಥದ ಮಾತು ಬಂದರೆ ಅದನ್ನು ನಾಟಕ ಎನ್ನದೆ, ಒಂಟಿಯಾಗಿ ಬಿಡದೆ, ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು.

ಸ್ಟಿಕರ್ ಮಾಡಿದವನು ನಿಮ್ಮ ಮಗನೇ ಆಗಿದ್ದರೆ? ಈ ಪ್ರಶ್ನೆಗೆ ಯಾವ ಪೋಷಕರೂ ತಯಾರಿರುವುದಿಲ್ಲ. 18ರೊಳಗಿನವರಿಗೆ ಸಿಮ್ ಕೊಡುವುದಿಲ್ಲವಾದ್ದರಿಂದ ಮಗನ ನಂಬರು ಅಪ್ಪನದೋ ಅಮ್ಮನದೋ ಹೆಸರಲ್ಲಿ ಇರುತ್ತದೆ, ಮನೆಯ ವೈಫೈಯೂ ಅಷ್ಟೇ. ಪೊಲೀಸರು ಅಕೌಂಟಿನ ಜಾಡು ಹಿಡಿದು ಬಂದರೆ ಮೊದಲು ಸಿಗುವುದು ನಿಮ್ಮ ಆಧಾರ್ ವಿಳಾಸ. ಆಮೇಲೆ ವಿಷಯ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ, ಮಗುವಿನ ಹೆಸರು ಹೊರಬರದು, ನಿಜ. ಆದರೆ ಅಷ್ಟು ದೂರ ಹೋಗುವ ಮೊದಲೇ ಮಾಡಬಹುದಾದ್ದು ಇದೆ. ಗಾಬರಿಯಿಂದ ಚಾಟ್ ಅಳಿಸಬೇಡಿ, ಅದು ಪುರಾವೆ ನಾಶವೆಂದು ಕಂಡೀತು. ಪೋಸ್ಟ್ ತೆಗೆಸಿ, ಅಡ್ಮಿನ್ ಅವನೇ ಆಗಿದ್ದರೆ ಗ್ರೂಪಿನಲ್ಲಿ ‘ಓನ್ಲಿ ಅಡ್ಮಿನ್ಸ್’ ಮಾತ್ರ ಬರೆಯುವಂತೆ ಮಾಡಿಸಿ, ಸ್ಟಿಕರ್ ಉಳಿಸಿಕೊಂಡ ಗೆಳೆಯರಿಗೆ ತೆಗೆಯಲು ಅವನಿಂದಲೇ ಹೇಳಿಸಿ. ಕ್ಷಮೆ ಕೇಳುವುದು ಆ ಮಗು ಒಪ್ಪಿದರೆ ಮಾತ್ರ, ಶಾಲೆಯ ಮೂಲಕ, ಬರಹದಲ್ಲಿ. ಎರಡು ವಾರ ಬಿಟ್ಟು ಶಾಲೆಗೆ ಹೋಗಿ, ನಿಂತಿದೆಯೇ ಎಂದು ನೀವಾಗಿ ವಿಚಾರಿಸಿ. ಹೊಸ ಗ್ರೂಪಿನ ಹೆಸರಲ್ಲಿ ಮತ್ತೆ ಶುರುವಾಗುವುದು ಸಾಮಾನ್ಯವಾಗಿ ಆ ಹೊತ್ತಿಗೆ.